ಹೊಸ್ತಿಲಿಲ್ಲದ ಬಾಗಿಲು

ಅವರು ತೀರಿಕೊಂಡ ಸುದ್ದಿ ನನಗೆ ಒಂದು ದಿನ ತಡವಾಗಿ ಬಂತು. ಬೆಳಿಗ್ಗೆ ಏಳಕ್ಕೆ ಹಾಲು ಕಾಯಿಸುತ್ತಿದ್ದೆ. ಫೋನ್ ಮಾಡಿದವನು ಹಾಲಪ್ಪ. ನಮ್ಮ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದವನು, ಹೊಳಲೂರಿನವನು.

"ಸಿಸ್ಟರ್, ನಮ್ ಎಕ್ಸ್‌ರೇ ಸಾರ್ ಹೋಗ್ಬಿಟ್ರು. ನಿನ್ನೆನೇ ಎಲ್ಲ ಮುಗೀತಂತೆ. ನಂಗೂ ಇವಾಗ್ಲೇ ಗೊತ್ತಾಗಿದ್ದು" ಎಂದ.

ಎಷ್ಟು ಹೊತ್ತಿಗೆ, ಏನಾಗಿತ್ತು, ಮನೆಯಲ್ಲಿ ಯಾರಿದ್ದರು ಎಂದು ಮೂರು ಪ್ರಶ್ನೆ ಕೇಳಿ ಉತ್ತರವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡೆ. ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು ನಾನು. ಸಾವಿನ ಸುದ್ದಿಗೆ ಮೊದಲು ಕೈ ಪೆನ್ನಿಗೆ ಹೋಗುತ್ತದೆ. ಭಾನುವಾರ ಭದ್ರಾವತಿಗೆ ಹೋಗಿ ಅವರ ಹೆಂಡತಿಯನ್ನು ಮಾತಾಡಿಸಿ ಬರುವುದೆಂದು ನಿಶ್ಚಯಿಸಿ ಹಾಲು ಇಳಿಸಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ಹೆಸರಿನಿಂದ ಕರೆದವರೇ ಕಡಿಮೆ. ಡಾಕ್ಟರುಗಳಿಗೆ 'ಎಕ್ಸ್‌ರೇ', ಮಿಕ್ಕವರಿಗೆಲ್ಲ 'ಎಕ್ಸ್‌ರೇ ಸಾರ್'. ಅವರಿಗೂ ಅದು ಸಾಕಾಗಿತ್ತು.

ಸಣಕಲು ಮೈ, ಅರ್ಧ ತೋಳಿನ ಬಿಳಿ ಅಂಗಿ. ಡಾರ್ಕ್ ರೂಮಿನ ರಾಸಾಯನಿಕದ ನೀರಿನಲ್ಲಿ ವರ್ಷಗಟ್ಟಲೆ ಫಿಲ್ಮ್ ತೊಳೆದು ಬಲಗೈಯ ಎರಡು ಬೆರಳು ಕಂದಾಗಿದ್ದವು. ಭದ್ರಾವತಿಯ ಜನ್ನಾಪುರದಲ್ಲಿ ಮನೆ. ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು, ಎಂಟಕ್ಕೆ ಹತ್ತು ನಿಮಿಷ ಇರುವಾಗ ಹಿಂದಿನ ಕೋಣೆಯ ಬೀಗ ತೆಗೆಯುತ್ತಿದ್ದರು. ಸಮಯದ ವಿಷಯದಲ್ಲಿ ನನಗೆ ಅವರ ಮೇಲೆ ದೂರಿರಲಿಲ್ಲ. ಬೇರೆ ವಿಷಯಗಳಲ್ಲಿ ಇತ್ತು. ಫಿಲ್ಮ್ ನೇತುಹಾಕುವ ಕ್ಲಿಪ್ಪುಗಳು ನನ್ನ ಇಂಜೆಕ್ಷನ್ ಟ್ರೇಯಲ್ಲಿ ಸಿಗುತ್ತಿದ್ದವು. ಒದ್ದೆ ಫಿಲ್ಮನ್ನು ಡ್ರೆಸ್ಸಿಂಗ್ ರೂಮಿನ ಕಿಟಕಿಗೆ ಸಿಕ್ಕಿಸಿ ಹೋಗುತ್ತಿದ್ದರು. ನಾನು ಗದರಿದರೆ, "ತಪ್ಪು ಸಿಸ್ಟರ್" ಎಂದು ತೆಗೆದು, ಮರುದಿನ ಅಲ್ಲೇ ಸಿಕ್ಕಿಸುತ್ತಿದ್ದರು.

ಮನುಷ್ಯರ ಮೈಯನ್ನು ಒಂದು ಭಂಗಿಯಲ್ಲಿ ನಿಲ್ಲಿಸುವುದರಲ್ಲಿ ಅವರಿಗೊಂದು ಕೈಗುಣವಿತ್ತು. ಎದೆಯ ಫಿಲ್ಮ್ ತೆಗೆಯುವಾಗ ಹೆಂಗಸರು ತಾಳಿ ಬಿಚ್ಚಲು ಒಪ್ಪುತ್ತಿರಲಿಲ್ಲ. ಬಲವಂತ ಮಾಡಿದರೆ ಅಳು, ಅತ್ತರೆ ಫಿಲ್ಮ್ ಅಲುಗುತ್ತದೆ. ಅವರು, "ಬಿಚ್ಚೋದು ಬೇಡ ತಾಯಿ, ಹಲ್ಲಲ್ಲಿ ಕಚ್ಕೊಳ್ಳಿ" ಎನ್ನುತ್ತಿದ್ದರು. ಸರ ಎದೆಯಿಂದ ಮೇಲೆ ಹೋಗುತ್ತಿತ್ತು, ತಾಳಿ ಮೈಮೇಲೇ ಇರುತ್ತಿತ್ತು. "ಬಾಯೂ ಮುಚ್ಚುತ್ತೆ ನೋಡಿ" ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳುತ್ತಿದ್ದರು. "ಉಸಿರು ಹಿಡ್ಕೊಳ್ಳಿ" ಎಂದಾಗ ಅವರೂ ಉಸಿರು ಹಿಡಿಯುತ್ತಿದ್ದರು. "ಬಿಡಿ" ಎಂದು ಮೊದಲು ತಾವೇ ಬಿಡುತ್ತಿದ್ದರು. ದಿನಕ್ಕೆ ಎಷ್ಟು ಸಲವೋ.

ಆಗ ನಮ್ಮದು ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಾಧಾರಣ ಆಸ್ಪತ್ರೆ. ಯಾರದೋ ದೊಡ್ಡ ಮನೆಯನ್ನು ಕೊಂಡು ವಾರ್ಡು ಮಾಡಿದ್ದರು. ಎಮರ್ಜೆನ್ಸಿ ಎಂದರೆ ಮುಂಬಾಗಿಲ ಪಕ್ಕದ ಹಜಾರ. ಎಕ್ಸ್‌ರೇ ಹಿತ್ತಿಲ ಕಡೆಯ ಉಗ್ರಾಣದಲ್ಲಿ, ಅಲ್ಲಿನ ಗೋಡೆ ದಪ್ಪವಿದೆಯೆಂದು. ನಡುವೆ ಒಂದು ತೆರೆದ ಅಂಗಳ, ಒಂದು ಇಳಿಜಾರು, ಮೂರು ಹೊಸ್ತಿಲು. ಹಳೆಯ ಕಾಲದ ಹೊಸ್ತಿಲುಗಳು, ನಾಲ್ಕು ಬೆರಳು ಎತ್ತರದವು. ಅಪಘಾತದಲ್ಲಿ ಬಂದವರನ್ನೆಲ್ಲ ಹಾಲಪ್ಪ ಆ ಮೂರನ್ನೂ ದಾಟಿಸಿ ಹಿಂದಕ್ಕೆ ತಳ್ಳಿಕೊಂಡು ಹೋಗಬೇಕಿತ್ತು.

ಒಂದು ಮಧ್ಯಾಹ್ನ ಗಾರೆ ಕೆಲಸದ ಮುರುಗೇಶನನ್ನು ತಂದರು. ಅವನೂ ಜನ್ನಾಪುರದವನೇ. ಶಿವಮೊಗ್ಗದಲ್ಲಿ ಯಾರದೋ ಮನೆಗೆ ಪ್ಲಾಸ್ಟರ್ ಮಾಡುತ್ತಿದ್ದಾಗ ಸಾರುವೆ ಕಂಬದಿಂದ ಬೆನ್ನಡಿಯಾಗಿ ಬಿದ್ದಿದ್ದ. ನಾನೇ ನೋಡಿದೆ. ನಾಡಿ ಸರಿಯಿತ್ತು, ಮಾತಾಡುತ್ತಿದ್ದ. ಕಾಲು ಆಡಿಸು ಎಂದರೆ ಎರಡೂ ಹೆಬ್ಬೆರಳು ಆಡಿಸಿದ. ಹಾಗೆಂದು ಕೇಸ್ ಷೀಟಿನಲ್ಲಿ ಬರೆದೆ. "ಬೇಗ ಎಕ್ಸ್‌ರೇಗೆ ತಗೊಂಡು ಹೋಗು" ಎಂದು ಹಾಲಪ್ಪನಿಗೆ ಹೇಳಿದವಳೂ ನಾನೇ. ಡಾಕ್ಟರ ಅಪ್ಪಣೆ ಅದೇ ಆಗಿತ್ತು.

ಫಿಲ್ಮ್ ತೆಗೆದು ಮೂರು ಹೊಸ್ತಿಲು ಮತ್ತೆ ದಾಟಿ ಮುಂದಕ್ಕೆ ಬಂದಾಗ ಅವನ ಕಾಲು ಆಡಲಿಲ್ಲ. ಆಮೇಲೂ ಆಡಲಿಲ್ಲ.

ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಬೆನ್ನಿನ ಮೂಳೆ ಮುರಿದ ರೀತಿಯೇ ಹಾಗಿದೆ, ಒಂದೇ ಕಡೆ ಮಲಗಿಸಿದ್ದರೂ ಹೀಗೇ ಆಗಬಹುದಿತ್ತು ಎಂದರು. ಇರಬಹುದು. ಅದನ್ನು ಯಾರೂ ಖಚಿತವಾಗಿ ಹೇಳುವ ಹಾಗಿಲ್ಲ. ಸಂಜೆ ಎಕ್ಸ್‌ರೇ ಸಾರ್ ನನ್ನ ಮೇಜಿನ ಮುಂದೆ ಬಂದು ನಿಂತರು.

"ಬರುವಾಗ ಹೆಬ್ಬೆರಳು ಆಡ್ತಿತ್ತಾ ಸಿಸ್ಟರ್?"

"ಆಡ್ತಿತ್ತು. ಬರೆದಿದೀನಿ."

"ನಾನು ಮೇಜಿನ ಮೇಲೆ ಮಲಗಿಸ್ದಾಗ ಆಡ್ತಿರ್ಲಿಲ್ಲ" ಎಂದು ಹೇಳಿ ಹೋದರು. ಕ್ಲಿಪ್ಪುಗಳು ಅಂದು ಅವುಗಳ ಜಾಗದಲ್ಲೇ ಇದ್ದವು.

ಆಮೇಲೆ ಸುಮಾರು ಎರಡು ವರ್ಷ ಅವರು ಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. ಪೇಷಂಟನ್ನು ಮೆಷಿನ್ ಹತ್ತಿರ ಒಯ್ಯಬಾರದು, ಮೆಷಿನ್ ಪೇಷಂಟ್ ಹತ್ತಿರ ಬರಬೇಕು. ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು. ನಾವು ತಲೆಯಾಡಿಸಿ ಕೆಲಸಕ್ಕೆ ಹೋಗುತ್ತಿದ್ದೆವು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಟ್ರಸ್ಟಿನವರು ರಸ್ತೆಯ ಕಡೆಗೆ ಎಮರ್ಜೆನ್ಸಿಗೆಂದೇ ಹೊಸ ಕಟ್ಟಡ ಎತ್ತಿಸಿದರು. ಜೊತೆಗೆ ಒಬ್ಬ ದಾನಿಗಳು ಒಂದು ಎಕ್ಸ್‌ರೇ ಮೆಷಿನ್ ಕೊಡಿಸಲು ಒಪ್ಪಿದರು. ಒಂದೇ ಒಂದು. ಯಾವುದು ಎಂದು ತೀರ್ಮಾನಿಸಲು ಸಭೆ ಸೇರಿತು. ಅಧ್ಯಕ್ಷರು ಬಟ್ಟೆ ವ್ಯಾಪಾರಿ, ಒಳ್ಳೆಯ ಮನುಷ್ಯ, ದೊಡ್ಡ ದನಿ. ಮೂಳೆ ಡಾಕ್ಟರು, ನಾನು, ಅವರು, ಮತ್ತೆ ಬೆಂಗಳೂರಿನಿಂದ ಟೈ ಕಟ್ಟಿಕೊಂಡು ಬಂದಿದ್ದ ಕಂಪನಿಯ ಸೇಲ್ಸ್‌ನವನು.

ಸೇಲ್ಸ್‌ನವನು ಬಣ್ಣದ ಪುಸ್ತಕ ಬಿಡಿಸಿದ. ದೊಡ್ಡ ಮೆಷಿನ್. ಗುಂಡಿ ಒತ್ತಿದರೆ ಹಾಸಿಗೆ ಏಳುತ್ತದೆ, ವಾಲುತ್ತದೆ. ಅಧ್ಯಕ್ಷರ ಕಣ್ಣು ಅರಳಿತು. "ಇದು ಮೆಷಿನ್ ಅಂದ್ರೆ! ಇಡೀ ಜಿಲ್ಲೆಯೋರು ಬಂದು ನೋಡ್ಬೇಕು" ಎಂದರು.

"ಇದನ್ನ ಎಲ್ಲಿಡ್ತೀರ ಸಾರ್?" ಎಂದು ಎಕ್ಸ್‌ರೇ ಸಾರ್ ಕೇಳಿದರು.

"ಇನ್ನೆಲ್ಲಿ? ನಿನ್ನ ಹಿಂದಿನ ರೂಮಲ್ಲೇ. ಗೋಡೆ ದಪ್ಪ ಇದ್ಯಲ್ಲ."

"ಹಾಗಾದ್ರೆ ಎಮರ್ಜೆನ್ಸಿಗೆ ಏನ್ ಬಂದ ಹಾಗಾಯ್ತು?" ಎಂದು ಸೇಲ್ಸ್‌ನವನ ಕಡೆ ತಿರುಗಿದರು. "ಎದ್ದು ನಿಲ್ಲೋರಿಗೆ ಯಾವ್ ಮೆಷಿನ್ ಆದ್ರೂ ಆಗುತ್ತೆ ಸ್ವಾಮಿ. ಏಳಕ್ಕಾಗದೇ ಇರೋರಿಗೆ ಯಾವುದಿದೆ ತೋರ್ಸಿ."

ಪುಸ್ತಕದ ಕೊನೆಯ ಪುಟದಲ್ಲಿ ಒಂದು ಚಿಕ್ಕ ಮೆಷಿನ್ನಿನ ಚಿತ್ರವಿತ್ತು. ನಾಲ್ಕು ಚಕ್ರ, ಉದ್ದದ ಒಂದು ತೋಳು, ತೋಳಿನ ತುದಿಗೆ ಎಕ್ಸ್‌ರೇ ಬಿಡುವ ತಲೆ. ತಳ್ಳಿಕೊಂಡು ಹೋಗಿ ಸ್ಟ್ರೆಚರ್ ಪಕ್ಕದಲ್ಲೇ ನಿಲ್ಲಿಸಬಹುದು. ಅಧ್ಯಕ್ಷರು ನೋಡಿ, "ಇದೇನ್ ಮಾರಾಯ, ಐಸ್‌ಕ್ರೀಮ್ ಗಾಡಿ ಇದ್ದ ಹಾಗಿದೆ. ದಾನಿಗಳಿಗೆ ಇದನ್ನ ಹೇಗ್ ತೋರ್ಸ್ಲಿ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರು ನಗಲಿಲ್ಲ. "ಐದು ನಿಮಿಷ ಹೊರಗೆ ಬನ್ನಿ ಸಾರ್" ಎಂದು ಎದ್ದರು.

ಹಜಾರದಲ್ಲಿ ಹಾಲಪ್ಪನ ಸ್ಟ್ರೆಚರ್ ನಿಂತಿತ್ತು. ಅವರು ಚಪ್ಪಲಿ ಬಿಟ್ಟು ಅದರ ಮೇಲೆ ಅಂಗಾತ ಮಲಗಿದರು. ಸ್ಟೀಲ್ ಲೋಟದಲ್ಲಿ ಕಂಠಮಟ್ಟ ನೀರು ತರಿಸಿ ಎದೆಯ ಮೇಲಿಟ್ಟುಕೊಂಡು, ಬುಡವನ್ನು ಎರಡು ಬೆರಳಲ್ಲಿ ಹಿಡಿದರು. "ನಡಿ ಹಾಲಪ್ಪ. ಇವತ್ತು ನಿಧಾನ ಬೇಡ. ದಿನಾ ಹೋಗೋ ಹಾಗೇ ಹೋಗು."

ನಾವು ಹಿಂದೆ ಹಿಂದೆ ನಡೆದೆವು. ಮೊದಲ ಹೊಸ್ತಿಲಿಗೆ ಚಕ್ರ ಬಡಿದು ನೀರು ಅಂಗಿಯ ಮೇಲೆ ಚೆಲ್ಲಿತು. ಎರಡನೆಯದು. ಅಂಗಳದ ಕಲ್ಲು. ಇಳಿಜಾರಿನಲ್ಲಿ ಸ್ಟ್ರೆಚರ್ ತಾನಾಗಿ ಓಡಿತು, ಹಾಲಪ್ಪ ಜಗ್ಗಿ ಹಿಡಿದ. ಮೂರನೆಯ ಹೊಸ್ತಿಲು. ಅವರು ಎದ್ದು ಕುಳಿತಾಗ ಅಂಗಿ ಎದೆಗೆ ಅಂಟಿತ್ತು. ಲೋಟವನ್ನು ಅಧ್ಯಕ್ಷರ ಮುಂದೆ ವಾಲಿಸಿ ತೋರಿಸಿದರು. ತಳದಲ್ಲಿ ಒಂದು ಬೆರಳು ನೀರು.

"ನನ್ ಬೆನ್ನು ಸರಿ ಇದೆ ಸಾರ್. ಮುರಿದಿರೋರನ್ನೂ ಹೀಗೇ ತರ್ತೀವಿ."

ಅಧ್ಯಕ್ಷರು, "ಇದಕ್ಕೆ ಅಂಗಿ ಒದ್ದೆ ಮಾಡ್ಕೋಬೇಕಿತ್ತೇನಯ್ಯ? ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವ?" ಎಂದರು.

"ಎರಡು ವರ್ಷದಿಂದ ಬಾಯಲ್ಲೇ ಹೇಳ್ತಿದ್ದೆ ಸಾರ್."

ಮೂಳೆ ಡಾಕ್ಟರು ಸುಲಭಕ್ಕೆ ಬಿಡಲಿಲ್ಲ. ಚಿಕ್ಕ ಮೆಷಿನ್ನಿನಲ್ಲಿ ದಪ್ಪ ಮೈಯವರ ಬೆನ್ನು ಸ್ಪಷ್ಟವಾಗಿ ಬರುತ್ತದೆಯೇ ಎಂದರು. ಅವರು, "ಬರಲ್ಲ ಸಾರ್. ದೊಡ್ಡದರಷ್ಟು ಚೆನ್ನಾಗಿ ಬರಲ್ಲ, ಸುಳ್ಳು ಹೇಳಲ್ಲ. ಕತ್ತು, ಎದೆ, ಸೊಂಟ, ಕೈಕಾಲು ಬರುತ್ತೆ. ಮುರಿದಿದ್ಯಾ ಇಲ್ವಾ, ಅಲುಗಿಸ್ಬಹುದಾ ಬಾರ್ದಾ, ಅಷ್ಟು ಅಲ್ಲೇ ಗೊತ್ತಾಗುತ್ತೆ. ಮಿಕ್ಕಿದ್ದಕ್ಕೆ ಹಳೇ ಮೆಷಿನ್ ಹಿಂದೆ ಇದ್ದೇ ಇದೆ" ಎಂದರು. ಆ 'ಬರಲ್ಲ' ಎಂಬ ಮಾತಿಗೇ ಡಾಕ್ಟರು ಒಪ್ಪಿದರೆಂದು ನನ್ನ ಎಣಿಕೆ.

ಚಿಕ್ಕದು ಎಂದಾದ ಮೇಲೆ ಯಾವ ಕಂಪನಿಯದು ಎಂಬ ಪ್ರಶ್ನೆ. ಎರಡು ಕಂಪನಿಯವರು ಮೆಷಿನ್ ತಂದು ತೋರಿಸಿದರು. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ. ಬೆಳಿಗ್ಗೆ ಬಂದ ಸೇಲ್ಸ್‌ನವನನ್ನು ಎಕ್ಸ್‌ರೇ ಸಾರ್ ಸಂಜೆ ಏಳರವರೆಗೆ ಕೂರಿಸಿದರು. ಊರಿನಲ್ಲೆಲ್ಲ ದೀಪ ಹತ್ತಿ ವೋಲ್ಟೇಜ್ ಇಳಿದಾಗ ಮೆಷಿನ್ ಕೆಲಸ ಮಾಡುತ್ತದೆಯೇ ನೋಡಬೇಕು ಎಂದು. ಚಕ್ರ ಸಲೀಸಾಗಿ ಉರುಳುತ್ತದೆ ಎಂದವನಿಗೆ, "ನೀವೇ ತಳ್ಳಿ, ಆ ಇಳಿಜಾರು ಹತ್ಸಿ" ಎಂದರು. ಅರ್ಧಕ್ಕೆ ಅವನು ಟೈ ಸಡಿಲಿಸಿದ. ಸ್ಟ್ರೆಚರ್ ಮೇಲೆ ಹಾಲಪ್ಪನನ್ನು ಮಲಗಿಸಿ, ತೋಳನ್ನು ಅವನ ಎದೆಯ ಮೇಲೆ ಚಾಚಿ ಕೈಬಿಟ್ಟು, ಗಡಿಯಾರ ನೋಡುತ್ತ ನಿಂತರು. ಒಂದು ಕಂಪನಿಯ ಮೆಷಿನ್ನಿನ ತಲೆ ಎರಡು ನಿಮಿಷದಲ್ಲಿ ಅಂಗುಲದಷ್ಟು ಕೆಳಗಿಳಿದಿತ್ತು. "ಹೊಸದಾಗಿದ್ದಾಗ್ಲೇ ಕತ್ತು ಬಗ್ಸಿದೆ" ಎಂದು ಅದನ್ನು ವಾಪಸ್ ಕಳಿಸಿದರು. "ಸದ್ಯ, ನನ್ ಮೂಗಿನ ಮೇಲೆ ಬೀಳ್ಲಿಲ್ಲ" ಎಂದ ಹಾಲಪ್ಪ.

ಆಗ ನನ್ನ ಹತ್ತಿರವೂ ಬಂದರು. "ಸಿಸ್ಟರ್, ಮೆಷಿನ್ ನಿಮ್ಮ ಕೋಣೇಲಿ ಇರೋದು. ನಿಮಗೇನ್ ಬೇಕು ಹೇಳಿ."

ಅಷ್ಟು ವರ್ಷದಲ್ಲಿ ಒಂದು ಸಾಮಾನು ಕೊಳ್ಳುವಾಗ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಒರೆಸಲು ಆಗಬೇಕು, ರಕ್ತ ಹೋಗಿ ಕೂರುವ ಸಂದುಗೊಂದು ಇರಬಾರದು ಎಂದೆ. ಅವರು ಮಂಡಿಯೂರಿ ಕುಳಿತು ಮೆಷಿನ್ನಿನ ಸುತ್ತ ಬೆರಳಾಡಿಸಿ ನೋಡಿದರು. ಚಕ್ರದ ಮೇಲಿದ್ದ ಒಂದು ಸಂದಿಗೆ ತಗಡು ಮುಚ್ಚಿಸಿ ಕೊಡಬೇಕೆಂದು ಆರ್ಡರಿನಲ್ಲಿ ಬರೆಸಿದರು.

ಇನ್ನು ನನ್ನ ಭಾಗ. ಮೆಷಿನ್ ಬರುವ ಮೊದಲು ಅವರನ್ನು ಒಂದು ವಾರ ತರಬೇತಿಗೆ ಬೆಂಗಳೂರಿಗೆ ಕಳಿಸಿದರು. ಆ ವಾರ ಹೊಸ ಕಟ್ಟಡದ ಕೊನೆಯ ಕೆಲಸ ನಡೆಯುತ್ತಿತ್ತು. ಎಮರ್ಜೆನ್ಸಿಯ ಬಾಗಿಲು ವರಾಂಡದ ಮಟ್ಟಕ್ಕೇ ಇತ್ತು. ಬೆಳಿಗ್ಗೆ ವರಾಂಡ ತೊಳೆದರೆ ಫಿನಾಯಿಲ್ ನೀರು ಒಳಗೆ ಹರಿದು ನನ್ನ ನೆಲವೆಲ್ಲ ಕೆಸರಾಗುತ್ತಿತ್ತು. ನಾನು ಮೇಸ್ತ್ರಿಯನ್ನು ಕರೆದು ಇಲ್ಲೊಂದು ಹೊಸ್ತಿಲು ಕೂರಿಸು ಎಂದೆ. ನಾಲ್ಕು ಬೆರಳು ಎತ್ತರದ್ದು. ಚೀಟಿ ಬರೆದು ಸಹಿ ಮಾಡಿದೆ. ನೀರಿನ ವಿಷಯ ಬಿಟ್ಟು ಬೇರೇನೂ ನನ್ನ ತಲೆಗೆ ಬರಲಿಲ್ಲ. ಮೂರು ಹೊಸ್ತಿಲಿನ ಕಥೆಯನ್ನು ಎರಡು ವರ್ಷ ಕೇಳಿದವಳು ನಾನು. ಲೋಟದ ಹಿಂದೆ ನಡೆದು ಹೋಗಿದ್ದವಳು.

ಹೊಸ್ತಿಲು ಕೂತಿದ್ದು ನೋಡಿ ಅಧ್ಯಕ್ಷರ ತಾಯಿಗೆ ಸಂತೋಷವಾಯಿತಂತೆ. ವಯಸ್ಸಾದ ಜೀವ, ಮನೆಮಂದಿಗೆಲ್ಲ ಅವರೆಂದರೆ ಭಯ. ಪ್ರವೇಶದ ದಿನ ಅವರೇ ಬಂದು ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವಿಟ್ಟು ಪೂಜೆ ಮಾಡಿದರು.

ಮರುದಿನ ಮೆಷಿನ್ ಬಂತು, ತರಬೇತಿ ಮುಗಿಸಿ ಎಕ್ಸ್‌ರೇ ಸಾರೂ ಬಂದರು. ವರಾಂಡದಲ್ಲಿ ಸಲೀಸಾಗಿ ಉರುಳಿದ ಮೆಷಿನ್ ಬಾಗಿಲಲ್ಲಿ ನಿಂತುಬಿಟ್ಟಿತು. ಆರು ಜನ ಸೇರಿ ಎತ್ತಿ ಒಳಗಿಟ್ಟರು. ಅದು ಒಂದು ಸಲದ ಕೆಲಸ. ಆದರೆ ಅರ್ಧ ಗಂಟೆಯೊಳಗೆ ಕಾಲು ಮುರಿದುಕೊಂಡ ಒಬ್ಬ ಹೆಂಗಸು ಬಂದಳು. ಸ್ಟ್ರೆಚರಿನ ಚಕ್ರ ಹೊಸ್ತಿಲಿಗೆ ಬಡಿಯಿತು. "ಅಯ್ಯೋ ಅಮ್ಮಾ" ಎಂದು ಅವಳು ಕೂಗಿದ್ದು ಹಿಂದಿನ ವಾರ್ಡಿಗೂ ಕೇಳಿರಬೇಕು.

ಅವರು ಹೊಸ್ತಿಲನ್ನೇ ನೋಡುತ್ತ ನಿಂತರು. "ಮೆಷಿನ್ ಒಳಗೆ ಬಂತು. ಪೇಷಂಟ್ ಹೇಗೋ ಬರೋದು? ಯಾರ್ದೋ ಇದು ಕೆಲ್ಸ?"

"ಅಧ್ಯಕ್ಷರ ಅಮ್ಮೋರು ಪೂಜೆ ಮಾಡಿದಾರೆ ಸಾರ್" ಎಂದ ಹಾಲಪ್ಪ.

ನಾನು ಪಕ್ಕದಲ್ಲೇ ಇದ್ದೆ, ಕೈಯಲ್ಲಿ ಡ್ರೆಸ್ಸಿಂಗ್ ಟ್ರೇ. ಏನೂ ಹೇಳದೆ ಒಳಗೆ ಹೋದೆ.

ಪೂಜೆಯಾದ ಹೊಸ್ತಿಲನ್ನು ಕೀಳಿಸಲು ಅಧ್ಯಕ್ಷರಿಗೆ ಧೈರ್ಯವಾಗಲಿಲ್ಲ. "ಬೇರೆ ಏನ್ ಬೇಕಾದ್ರೂ ಕೇಳು ಮಾರಾಯ. ಅಮ್ಮನ್ ಹತ್ರ ಈ ಮಾತು ನಾನಂತೂ ಎತ್ತಲ್ಲ" ಎಂದರಂತೆ. ಅವರು ಸಂಜೆಯ ಬಸ್ಸು ಬಿಟ್ಟು ನೇರ ಅಧ್ಯಕ್ಷರ ಮನೆಗೆ ಹೋಗಿ ಅಜ್ಜಿಯನ್ನೇ ಕೇಳಿದರು. ಮರುದಿನ ಬೆಳಿಗ್ಗೆ ಬಂದು ನನಗೆ ಹೇಳಿದರು, ಮುಖದಲ್ಲಿ ಅಪರೂಪದ ನಗು.

"ಅಜ್ಜಿ ಏನಂದ್ರು ಗೊತ್ತಾ ಸಿಸ್ಟರ್? 'ಹೊಸ್ತಿಲು ಮನೆಗೆ ಕಣಪ್ಪ, ಲಕ್ಷ್ಮಿ ಒಳಗೇ ನಿಲ್ಲಲಿ ಅಂತ. ಆಸ್ಪತ್ರೇಲಿ ಯಾರು ನಿಲ್ಬೇಕು? ಬಂದೋರು ಬೇಗ ಆಚೆ ಹೋಗ್ಬೇಕು. ಇಟ್ಟಿದ್ರು, ಪೂಜೆ ಮಾಡ್ದೆ. ಇಡಿ ಅಂತ ನಾನೆಲ್ಲಿ ಹೇಳಿದ್ದೆ?' ಅಂದ್ರು. ಹಾಗಾದ್ರೆ ಇಡ್ಸಿದ್ದು ಯಾರು?"

"ಪೂಜೆ ಅವರದು. ಹೊಸ್ತಿಲು ನನ್ನದು" ಎಂದೆ.

ಅವರು ನನ್ನನ್ನು ನೋಡಿದರು. ನಗು ಹೋಯಿತು. ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ. "ಯಾಕೆ ಸಿಸ್ಟರ್?" ಎಂದರು. ಫಿನಾಯಿಲ್ ನೀರಿನ ವಿಷಯ ಹೇಳಿದೆ. ಹೇಳುವಾಗ ಅದು ಎಷ್ಟು ಸಣ್ಣ ಕಾರಣ ಎಂದು ನನ್ನ ಕಿವಿಗೇ ಕೇಳಿಸಿತು. ಅವರು ಮಾತ್ರ ಸಣ್ಣದೆಂದು ತಳ್ಳಿಹಾಕಲಿಲ್ಲ. ವರಾಂಡಕ್ಕೆ ಹೋಗಿ ಒಂದು ಚೊಂಬು ನೀರು ಸುರಿದು, ಅದು ಹರಿಯುವ ದಿಕ್ಕನ್ನು ಕುಕ್ಕರುಗಾಲಿನಲ್ಲಿ ಕುಳಿತು ನೋಡಿದರು. "ಹೊರಗಿನ ನೆಲಾನೇ ಒಂದು ಬೆರಳು ಆಚೆಗೆ ಇಳಿಜಾರು ಮಾಡಿದ್ರೆ ನೀರು ಹಿಂದಕ್ಕೆ ಬರಲ್ಲ. ಮೇಸ್ತ್ರಿಗೆ ನೀವೇ ಚೀಟಿ ಬರೀರಿ. ನಿಮ್ ಸಹಿ ಇದ್ರೆ ಬೇಗ ಮಾಡ್ತಾನೆ" ಎಂದರು.

ಬರೆದೆ. ಹೊಸ್ತಿಲು ಹೋಯಿತು, ಸಿಮೆಂಟು ಒಣಗಿತು. ಮೂರನೆಯ ದಿನ ಸಂಜೆ ಅವರು ಕಂಠಮಟ್ಟ ನೀರಿನ ಲೋಟ ಹಿಡಿದು ಬಂದರು. ಹಾಲಪ್ಪ ಕಾಫಿಗೆ ಹೋಗಿದ್ದ. "ಪರವಾಗಿಲ್ಲ, ನೀವೇ ತಳ್ಳಿ" ಎಂದು ಸ್ಟ್ರೆಚರ್ ಹತ್ತಿ ಮಲಗಿದರು. ಸ್ಟಾಫೆಲ್ಲ ನೋಡುತ್ತಿತ್ತು. ನಾನು ಗೇಟಿನಿಂದ ತಳ್ಳಿದೆ, ವರಾಂಡ, ಬಾಗಿಲು, ಮೆಷಿನ್ನಿನ ಪಕ್ಕ. ನಿಲ್ಲಿಸಿದೆ. ಅವರು ಕತ್ತು ಮಾತ್ರ ಎತ್ತಿ ಲೋಟ ನೋಡಿದರು. ನಾನೂ ನೋಡಿದೆ. ಅವರು ಎದ್ದು ಕುಳಿತು, ಒಂದು ಹನಿಯೂ ಚೆಲ್ಲದ ಅಷ್ಟೂ ನೀರನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ನನ್ನ ಇಂಜೆಕ್ಷನ್ ಟ್ರೇಯಲ್ಲಿಟ್ಟು, ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಹೋದರು. ಅಂದು ನಾನು ಗದರಲಿಲ್ಲ.

ಆ ಮೆಷಿನ್ ನಾನು ನಿವೃತ್ತಳಾಗುವವರೆಗೆ ಅಲ್ಲೇ ದುಡಿಯಿತು. ಫಿಲ್ಮ್ ತೆಗೆಯುವ ಮುಂಚೆ "ಎಲ್ಲಾರೂ ಆಚೆ!" ಎಂದು ಅವರು ಹಾಕುತ್ತಿದ್ದ ಕೂಗಿಗೆ ಡಾಕ್ಟರೂ ಓಡುತ್ತಿದ್ದರು. ಮುರುಗೇಶನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಒಂದು ಕೇಸ್ ಮುಗಿದ ಮೇಲೆ ಷೀಟು ಕಟ್ಟಿ ಒಳಗಿಡುವುದು ನನ್ನ ಪದ್ಧತಿ. ಅವರದೂ ಅದೇ ಇರಬೇಕೆಂದುಕೊಂಡಿದ್ದೆ.

ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಜನ್ನಾಪುರದಲ್ಲಿ ಅವರ ಮನೆ ಹುಡುಕಿಕೊಂಡೆ. ಅಷ್ಟು ವರ್ಷದ ಪರಿಚಯದಲ್ಲಿ ಹೋದದ್ದು ಅದೇ ಮೊದಲು. ಸಣ್ಣ ಹೆಂಚಿನ ಮನೆ. ಬೀದಿಯಿಂದ ಬಾಗಿಲಿಗೆ ಮೆಟ್ಟಿಲಿನ ಬದಲು ಸಿಮೆಂಟಿನ ಇಳಿಜಾರು. ಒಳಗೆ ಹೋಗುವಾಗ ರೂಢಿಯಂತೆ ಕಾಲು ಎತ್ತಿ ಇಟ್ಟೆ. ಕಾಲು ಅಂದುಕೊಂಡದ್ದಕ್ಕಿಂತ ಕೆಳಗೆ ಹೋಗಿ ಮುಗ್ಗರಿಸಿದೆ. ಬಾಗಿಲಿಗೆ ಹೊಸ್ತಿಲಿರಲಿಲ್ಲ.

ಅವರ ಹೆಂಡತಿ ಕೈ ಹಿಡಿದರು. "ಎಲ್ಲಾರೂ ಹೀಗೇ ಮಾಡ್ತಾರೆ ಸಿಸ್ಟರ್. ಬೇರೆ ಕಡೆ ಹೊಸ್ತಿಲು ಎಡವ್ತಾರೆ, ನಮ್ಮನೇಲಿ ಇಲ್ದೇ ಇರೋದಕ್ಕೆ ಎಡವ್ತಾರೆ ಅಂತ ನಗಾಡೋರು."

"ಯಾವಾಗ ತೆಗೆಸಿದ್ದು?"

"ಆಸ್ಪತ್ರೇದು ತೆಗೆಸಿದ ವಾರಾನೇ. ಅತ್ತೆ ಒಂದು ತಿಂಗಳು ಇವರ ಹತ್ರ ಮಾತು ಬಿಟ್ಟಿದ್ರು. ಭಾನುವಾರ ಭಾನುವಾರ ಒಬ್ರು ಬರ್ತಾರಲ್ಲ, ಮೊದಲು ಬೀದೀಲೇ ಕೂತು ಮಾತಾಡಿ ಹೋಗೋರು. ಅವರು ಒಳಗೆ ಬರ್ಲಿ ಅಂತ."

ಕಾಫಿ ಕುಡಿಯುತ್ತಿದ್ದಾಗ ಹೊರಗಿನಿಂದ, "ಅಕ್ಕಾ, ಪೇಪರ್ ತಂದಿದೀನಿ" ಎಂಬ ದನಿ ಕೇಳಿತು. ಗಾಲಿಕುರ್ಚಿಯಲ್ಲಿ ಮುರುಗೇಶ. ಕೂದಲು ನರೆತಿತ್ತು, ತೋಳು ದಪ್ಪವಾಗಿತ್ತು. ಮಡಿಲಲ್ಲಿ ಭಾನುವಾರದ ಪೇಪರು. ಇಬ್ಬರೂ ಕೂತು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದರಂತೆ. ಓದುವವರು ಇಲ್ಲವೆಂದು ಗೊತ್ತಿದ್ದೂ ತಂದಿದ್ದ. ನನ್ನ ಗುರುತು ಅವನಿಗೆ ಸಿಗಲಿಲ್ಲ. ನಾನು ಹೇಳಲಿಲ್ಲ. ಈ ಸಲ ಅಡಗಿಸುವುದಕ್ಕಲ್ಲ, ಅದು ಆ ಹೊತ್ತಿನ ಮಾತಾಗಿರಲಿಲ್ಲ. ನನ್ನ ಕಣ್ಣು ಮಾತ್ರ ಹಳೆಯ ಅಭ್ಯಾಸದಿಂದ ಅವನ ಹೆಬ್ಬೆರಳಿಗೆ ಹೋಗಿ ಬಂತು.

"ಅಮ್ಮಾ, ಈ ಏರಿಗೆ ಸ್ವಲ್ಪ ಕೈ ಕೊಡ್ತೀರಾ? ಸಾರ್ ತಳ್ಳೋರು" ಎಂದ.

ಲೋಟ ಕೆಳಗಿಟ್ಟು ಹೊರಗೆ ಹೋದೆ. ಕುರ್ಚಿಯ ಹಿಡಿ ಹಿಡಿದು ತಳ್ಳಿದೆ. ಬಾಗಿಲು ಹತ್ತಿರವಾದಾಗ ಬಡಿತಕ್ಕೆಂದು ಕೈ ತಾನಾಗಿ ಬಿಗಿಯಾಯಿತು. ಚಕ್ರ ಹಾಗೆಯೇ ಒಳಗೆ ಉರುಳಿತು. ಮಡಿಲ ಮೇಲಿನ ಪೇಪರು ಅಲುಗಲಿಲ್ಲ.